ಹಲ್ಲು ಎಣಿಸಿ, ಆಮೇಲೆ ದುಡ್ಡು ಎಣಿಸಿ

ಘಟ್ಟ ಹತ್ತುವ ಆಸೆಯಿಂದ ಸೈಕಲ್ ಕೊಳ್ಳಹೊರಟವರಿಗೆ ಒಂದು ಬಹಿರಂಗ ಪತ್ರ



ಮಳೆ ಹಿಂದೆ ಸರಿದು ದಸರೆ ರಜೆ ಹತ್ತಿರವಾಗುತ್ತಿದ್ದಂತೆ ನಿಮ್ಮಲ್ಲಿ ಹಲವರು ಹೊಸ ಸೈಕಲ್ಲಿಗೆಂದು ಕೂಡಿಟ್ಟ ದುಡ್ಡು ಹಿಡಿದು ಅಂಗಡಿಗೆ ಹೊರಡುತ್ತೀರಿ. ಬೆಳಗಿನ ಜಾವ ನಂದಿ ಬೆಟ್ಟ ಹತ್ತಿಳಿದು ಕಾಲಿಗೆ ಧೈರ್ಯ ಬಂದವರು, ಚಾಮುಂಡಿ ಬೆಟ್ಟದಲ್ಲಿ ಪಳಗಿದವರು, ಇನ್ನು ಸಾಮಾನು ಕಟ್ಟಿಕೊಂಡು ನಾಲ್ಕು ದಿನ ಮಲೆನಾಡು ಸುತ್ತೋಣ ಅಂದುಕೊಂಡವರು. ಶೃಂಗೇರಿಯಿಂದ ಆಗುಂಬೆಗೆ, ಅಲ್ಲಿಂದ ಸೋಮೇಶ್ವರಕ್ಕೆ ಇಳಿದು ಕರಾವಳಿಗೆ, ಹಿಂದಿರುಗುವಾಗ ಚಾರ್ಮಾಡಿಯಲ್ಲೋ ಹುಲಿಕಲ್ಲಿನಲ್ಲೋ ಮತ್ತೆ ಮೇಲಕ್ಕೆ, ನಡುನಡುವೆ ಅಡಿಕೆ ತೋಟ, ಕಾಫಿ ತೋಟಗಳ ಮಣ್ಣುದಾರಿ. ಹೀಗೊಂದು ನಕ್ಷೆ ನಿಮ್ಮ ಮನಸ್ಸಿನಲ್ಲಿದೆ. ಘಟ್ಟದ ಮೇಲಿನ ಊರಿನವನಾದ ನನಗೆ ನೀವು ಬರುವುದೇ ಸಂತೋಷ. ಆದರೆ ನೀವು ತರುವ ಸೈಕಲ್ಲುಗಳನ್ನು ನೋಡಿ ಎಷ್ಟೋ ಸಲ ಸಂಕಟಪಟ್ಟಿದ್ದೇನೆ. ಆಸೆಪಟ್ಟು ಕೊಂಡ ದುಬಾರಿ ಸೈಕಲ್ಲನ್ನು ಆಗುಂಬೆಯ 14 ತಿರುವುಗಳಲ್ಲಿ ತಳ್ಳಿಕೊಂಡು ಬರುವವರ ಮುಖದಲ್ಲಿ ‘ಇದು ನನ್ನ ಕೈಲಾಗುವ ಕೆಲಸವಲ್ಲ’ ಎಂದು ಬರೆದಿರುತ್ತದೆ. ಅವರ ಕಾಲಿನಲ್ಲಿ ಏನೂ ಕೊರತೆ ಇರುವುದಿಲ್ಲ. ಕೊರತೆ ಇರುವುದು ಅವರ ಗೇರಿನಲ್ಲಿ.

ಅಂಗಡಿಯಲ್ಲಿ ನಿಮಗೆ ಮೊದಲು ಹೇಳುವುದು ಸೈಕಲ್ಲಿನ ತೂಕ. ಆಮೇಲೆ ಗೇರುಗಳ ಸಂಖ್ಯೆ: 18, 21, 24, 27. ಘಾಟಿಯಲ್ಲಿ ಇವೆರಡೂ ಹೆಚ್ಚಿಗೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ಒಂದೇ ಗೇರು, ಎಲ್ಲಕ್ಕಿಂತ ಹಗುರವಾದದ್ದು. ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು? ಈ ಎರಡು ಅಂಕಿ ಸಿಗುವವರೆಗೆ ಬಣ್ಣವನ್ನೂ ನೋಡಬೇಡಿ, ಬೆಲೆಯನ್ನೂ ಕೇಳಬೇಡಿ.

ಯಾಕೆಂದು ಲೆಕ್ಕ ಹಾಕಿ ನೋಡೋಣ. ನೀವು 68 ಕಿಲೋ ಇದ್ದೀರಿ ಅಂದುಕೊಳ್ಳಿ. ಸೈಕಲ್ 14 ಕಿಲೋ. ಬಟ್ಟೆಬರೆ, ಟೆಂಟು, ನೀರು, ಪಂಪು, ತಿಂಡಿ ಸೇರಿ 18. ಒಟ್ಟು ನೂರು ಕಿಲೋ. ಪ್ರತಿ ನೂರು ಮೀಟರಿಗೆ ಹತ್ತು ಮೀಟರ್ ಮೇಲೇರುವ ದಾರಿ, ಅಂದರೆ ಶೇಕಡಾ 10ರ ಏರು, ನಮ್ಮ ಕಡೆ ಅಪರೂಪವಲ್ಲ. ಘಾಟಿಯ ತಿರುವುಗಳ ಒಳಬದಿಯಲ್ಲಿ, ತೋಟದ ದಾರಿಗಳಲ್ಲಿ, ಸೀತಾಳಯ್ಯನಗಿರಿಯಿಂದ ಮುಳ್ಳಯ್ಯನಗಿರಿಯ ಕಡೆಗೆ ಹೋಗುವಾಗ ಅದು ಎದುರಾಗುತ್ತದೆ. ದಿನವಿಡೀ ತುಳಿಯಬೇಕಾದ ಸಾಮಾನ್ಯ ಸವಾರ ಒಂದೇ ಸಮನೆ ಹಾಕಬಹುದಾದ ಶಕ್ತಿ ಹೆಚ್ಚೆಂದರೆ 150 ವ್ಯಾಟ್. ಅಷ್ಟು ಶಕ್ತಿಗೆ, ಅಷ್ಟು ಭಾರಕ್ಕೆ, ಆ ಏರಿನಲ್ಲಿ ಸಿಗುವ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್. ಭೌತಶಾಸ್ತ್ರ ಇದರಲ್ಲಿ ಚೌಕಾಸಿಗೆ ಒಪ್ಪುವುದಿಲ್ಲ. ಎಷ್ಟೇ ಬೆಲೆಯ ಸೈಕಲ್ ತಂದರೂ ವೇಗ ಅಷ್ಟೇ. ಆ ವೇಗದಲ್ಲಿ ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬುದನ್ನು ಮಾತ್ರ ನೀವು ಆರಿಸಿಕೊಳ್ಳಬಹುದು.

40 ಮಿಲಿಮೀಟರ್ ಆಸುಪಾಸಿನ ಟೈರು ಹಾಕಿದ 700ಸಿ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ರೇಸಿಂಗ್ ಜಾತಿಯ ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಮುಂದೆ 34, ಹಿಂದೆ 28 ಹಲ್ಲು. ಗಂಟೆಗೆ 5 ಕಿಲೋಮೀಟರಿನಲ್ಲಿ ಪೆಡಲ್ ನಿಮಿಷಕ್ಕೆ 31 ಸುತ್ತು ಮಾತ್ರ. ಅದು ತುಳಿತವಲ್ಲ, ಒಂದೊಂದೇ ಮೆಟ್ಟಿಲಿಗೆ ನೂರು ಕಿಲೋ ಎತ್ತಿಡುವ ಕೆಲಸ. ಪೂರಾ ಭಾರ ಮೊಣಕಾಲ ಚಿಪ್ಪಿನ ಮೇಲೆ. ಗ್ರಾವೆಲ್ ಬೈಕ್ ಎಂಬ ಹೆಸರಿನಲ್ಲಿ ಈಗ ಬರುತ್ತಿರುವ, ಮುಂದೆ 40, ಹಿಂದೆ 42 ಹಲ್ಲಿನದಾದರೆ 40 ಸುತ್ತು. ಮುಂದೆ 28, ಹಿಂದೆ 34 ಇರುವ ಹೈಬ್ರಿಡ್ ಆದರೆ 46. ಮುಂದೆ 22, ಹಿಂದೆ 34 ಇರುವ ಹಳೆಯ ಮೌಂಟನ್ ಬೈಕ್ ಕ್ರ್ಯಾಂಕ್ ಆದರೆ ಹತ್ತಿರ ಹತ್ತಿರ 59. ಉಸಿರು ಹಿಡಿತದಲ್ಲಿದ್ದು, ಮೊಣಕಾಲು ನೋಯದೆ, ಪಕ್ಕದವರ ಜೊತೆ ನಾಲ್ಕು ಮಾತಾಡುತ್ತ ಹತ್ತಲು ಬೇಕಾದದ್ದು ಈ 55, 60ರ ಲಯ. ಹಾಗಾಗಿ ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಉತ್ತರ 0.75ರ ಒಳಗಿರಲಿ, 0.65ರ ಹತ್ತಿರ ಬಂದರೆ ಇನ್ನೂ ಒಳ್ಳೆಯದು. ಒಂದನ್ನು ದಾಟಿದರೆ ಆ ಸೈಕಲ್ಲನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಿ.

ಸಮತಟ್ಟಿನಲ್ಲಿ ವೇಗ ಸಿಗುವುದಿಲ್ಲವಲ್ಲ ಎಂದು ಯಾರಾದರೂ ಹೆದರಿಸಿದರೆ ಅದಕ್ಕೂ ಲೆಕ್ಕವಿದೆ. ಮುಂದೆ 44, ಹಿಂದೆ 11 ಹಲ್ಲಿದ್ದು, ಪೆಡಲನ್ನು ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 42 ಕಿಲೋಮೀಟರ್. ಸಾಮಾನು ಹೊತ್ತವರಿಗೆ ಅದಕ್ಕಿಂತ ದೊಡ್ಡ ಗೇರಿನ ಉಪಯೋಗ ನಾನು ಕಂಡಿಲ್ಲ. ಇಳಿಜಾರಿನಲ್ಲಂತೂ ತುಳಿಯುವ ಅಗತ್ಯವೇ ಇಲ್ಲ.

ಹಗುರ ಗೇರು ಕೈಲಾಗದವರಿಗೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಈ ಮಾತಿಗೆ ನೂರು ವರ್ಷ ದಾಟಿದೆ. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನಲ್ಲಿ ಪಾಲ್ ದ ವಿವಿ ಎಂಬವರಿದ್ದರು (1853–1930). ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತ ಸೈಕಲ್ ಪ್ರವಾಸಿಗರಿಗಾಗಿ ಪತ್ರಿಕೆ ನಡೆಸಿದವರು. ಊರ ಹೊರಗೇ 1161 ಮೀಟರ್ ಎತ್ತರದ ಒಂದು ಕಣಿವೆದಾರಿ. ಅದನ್ನು ಮತ್ತೆ ಮತ್ತೆ ಹತ್ತುತ್ತ, ಒಂದೇ ಗೇರಿನ ಸೈಕಲ್ಲಿನಲ್ಲಿ ಗುಡ್ಡ ಹತ್ತುವುದು ಶರೀರಕ್ಕೆ ಮಾಡುವ ಅನ್ಯಾಯ ಎಂದು ಅವರು ಬದುಕಿಡೀ ವಾದಿಸಿದರು. ಅದೇ ಕಾಲಕ್ಕೆ ಟೂರ್ ದ ಫ್ರಾನ್ಸ್ ನಡೆಸುತ್ತಿದ್ದ ಆಂರಿ ದೆಗ್ರಾಂಜ್ ಗೇರು ಬದಲಿಸುವ ಉಪಕರಣ ವಯಸ್ಸಾದವರಿಗೆ ಎಂಬ ನಿಲುವಿನವರು. 1903ರಲ್ಲಿ ಶುರುವಾದ ಆ ಸ್ಪರ್ಧೆಯಲ್ಲಿ ಈ ಉಪಕರಣಕ್ಕೆ, ಅಂದರೆ ಡಿರೇಲರಿಗೆ, ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೋಸಿಯೊ ತೀರಿಕೊಂಡು ಏಳು ವರ್ಷವಾಗಿತ್ತು. ಜಗತ್ತಿನ ಅತಿ ಗಟ್ಟಿ ಕಾಲುಗಳವರೇ ಇವತ್ತು ಆಲ್ಪ್ಸ್ ಹತ್ತುವಾಗ ಹಗುರ ಗೇರಿಗೆ ಇಳಿಯುತ್ತಾರೆ. ಅವರ ಸೈಕಲ್ ಏಳು ಕಿಲೋ ಚಿಲ್ಲರೆ, ಬೆನ್ನ ಹಿಂದೆ ಟೆಂಟಿಲ್ಲ. ನೀವೇಕೆ ನಾಚಬೇಕು?

ಇನ್ನು ಟೈರು. ಮಳೆಗಾಲ ಮುಗಿದ ಹೊಸತರಲ್ಲಿ ಮಲೆನಾಡಿನ ರಸ್ತೆ ಹೇಗಿರುತ್ತದೆಂದು ನಿಮಗೆ ಗೊತ್ತಿರಲಿ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಡಾಂಬರನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಗುಂಡಿಗೆ ಸುರಿದ ಜಲ್ಲಿ ತಿರುವಿನಲ್ಲಿ ಹರಡಿಕೊಂಡಿರುತ್ತದೆ. ಮರದ ನೆರಳು ಬೀಳುವಲ್ಲಿ ಕಾಂಕ್ರೀಟಿನ ಮೇಲೆ ಹಾವಸೆ. ತೋಟದ ದಾರಿಯ ಜಂಬಿಟ್ಟಿಗೆ ಮಣ್ಣು ಒದ್ದೆಯಾದರೆ ಜಾರುತ್ತದೆ, ಒಣಗಿದರೆ ಪುಡಿಯಾಗುತ್ತದೆ. ಇದಕ್ಕೆಲ್ಲ 28 ಮಿಲಿಮೀಟರಿನ ಸಪೂರ ಟೈರು ಸಲ್ಲದು. 42ರಿಂದ 50 ಮಿಲಿಮೀಟರ್ ಅಗಲ, ನಡುವೆ ನಯ, ಅಂಚಿನಲ್ಲಿ ಸಣ್ಣ ಹಲ್ಲುಕಟ್ಟು ಇರುವ ಟೈರು ಡಾಂಬರಿನಲ್ಲೂ ಎಳೆಯುವುದಿಲ್ಲ, ಮಣ್ಣಿನಲ್ಲೂ ಕೈಬಿಡುವುದಿಲ್ಲ. ಆ ನೂರು ಕಿಲೋ ಭಾರಕ್ಕೆ 45 ಮಿಲಿಮೀಟರ್ ಟೈರಾದರೆ ಹಿಂದೆ 45 ಪಿಎಸ್‌ಐ, ಮುಂದೆ 35ರ ಆಸುಪಾಸಿನಿಂದ ಶುರು ಮಾಡಿ, ನಿಮಗೆ ಹೊಂದುವಂತೆ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಿ. ಕಲ್ಲಿನಂತೆ ಗಾಳಿ ತುಂಬಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಹಾಳು ರಸ್ತೆಯ ಮಟ್ಟಿಗೆ ಸುಳ್ಳು. ಟೈರು ನುಂಗದ ಪ್ರತಿಯೊಂದು ಕುಲುಕಾಟವನ್ನೂ ನಿಮ್ಮ ಮೈ ನುಂಗಬೇಕಾಗುತ್ತದೆ.

ಸೈಕಲ್ಲಿನಲ್ಲಿ ಈಗಿರುವ ಟೈರಿನ ಅಗಲವನ್ನಷ್ಟೇ ನೋಡಬೇಡಿ. ಫೋರ್ಕಿನ ನಡುವೆ, ಹಿಂದಿನ ಕಂಬಿಗಳ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಬೆರಳು ತೂರಿಸಿ ನೋಡಿ. ಅಗಲದ ಟೈರು, ಅದರ ಮೇಲೆ ಮಡ್‌ಗಾರ್ಡ್, ಮಡ್‌ಗಾರ್ಡಿನೊಳಗೆ ಕೆಂಪು ಮಣ್ಣು ಅಂಟಿದರೂ ಚಕ್ರ ತಿರುಗಬೇಕು. ಮಡ್‌ಗಾರ್ಡ್ ಇಲ್ಲದೆ ನಮ್ಮ ಕಡೆ ಬರಬೇಡಿ ಎಂದು ಒತ್ತಿ ಹೇಳುತ್ತೇನೆ. ಅಕ್ಟೋಬರಿನಲ್ಲೂ ಸಂಜೆ ಮಳೆ ಹೊಡೆಯುತ್ತದೆ, ಮತ್ತು ಆ ಮಣ್ಣುನೀರು ಬೆನ್ನಿಗಿಂತ ಮೊದಲು ಹಾಳುಮಾಡುವುದು ಚೈನನ್ನು.

ಟೈರಿನ ಗಾಳಿಯ ಬಗ್ಗೆ ಇನ್ನೊಂದು ಮಾತು. ಇದನ್ನು ಕ್ಯಾಟಲಾಗುಗಳು ಹೇಳುವುದಿಲ್ಲ, ಆದರೆ ನಮ್ಮ ರಾಜ್ಯದಲ್ಲಿ ಸೈಕಲ್ ಪ್ರವಾಸ ಮಾಡುವವರಿಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ದುಬಾರಿ ಸೈಕಲ್ಲುಗಳಲ್ಲಿ ಬರುವ ಸಪೂರ ವಾಲ್ವಿಗೆ ಪ್ರೆಸ್ಟಾ ಎಂದು ಹೆಸರು. ಕಾರು, ಮೋಟಾರ್ ಬೈಕುಗಳದ್ದು ಶ್ರೇಡರ್. ಕೊಟ್ಟಿಗೆಹಾರದಲ್ಲಾಗಲಿ ಹೊಸನಗರದಲ್ಲಾಗಲಿ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪು ಸೀದಾ ಹೊಂದುವುದು ಶ್ರೇಡರಿಗೆ. ಅದಕ್ಕಿಂತ ಹೆಚ್ಚಾಗಿ ರಿಮ್ಮಿನ ತೂತು ನೋಡಿ. ಶ್ರೇಡರಿಗೆಂದು ಕೊರೆದ 8.5 ಮಿಲಿಮೀಟರ್ ತೂತಿನಲ್ಲಿ ಚಿಕ್ಕ ಅಡಾಪ್ಟರ್ ಹಾಕಿ ಪ್ರೆಸ್ಟಾ ಟ್ಯೂಬನ್ನೂ ಕೂರಿಸಬಹುದು. ನಮ್ಮ ಹಳೆಯ ಕರಿ ಸೈಕಲ್ಲುಗಳ ವಾಲ್ ಟ್ಯೂಬಿನ ವಾಲ್ವೂ ಅದರಲ್ಲಿ ಕೂರುತ್ತದೆ. ಪ್ರೆಸ್ಟಾಗೆಂದು ಕೊರೆದ ಚಿಕ್ಕ ತೂತಿಗೆ ಬೇರೆ ಯಾವುದೂ ಹೋಗದು. ಕರಿ ಸೈಕಲ್ಲಿನ 28 ಇಂಚಿನ ಟೈರು ಕೂರುವ ವ್ಯಾಸ 635 ಮಿಲಿಮೀಟರ್, ನಿಮ್ಮ 700ಸಿಯದು 622. ಟೈರು ಅದಲುಬದಲಾಗದು. ಟ್ಯೂಬು ರಬ್ಬರು ತಾನೇ, ಕಷ್ಟಕಾಲಕ್ಕೆ ಹೊಂದಿಕೊಳ್ಳುತ್ತದೆ. ಯಾವುದೋ ಹಳ್ಳಿಯ ಅಂಗಡಿಯಲ್ಲಿ ನೇತುಹಾಕಿದ ಆ ಟ್ಯೂಬು ನಿಮ್ಮ ದಿನವನ್ನು ಉಳಿಸಬಹುದು, ರಿಮ್ಮಿನ ತೂತು ದೊಡ್ಡದಿದ್ದರೆ.

ಹತ್ತಿದ್ದನ್ನೆಲ್ಲ ಇಳಿಯಬೇಕಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಸುಮಾರು ಐನೂರು ಮೀಟರ್ ಇಳಿತ. ನೂರು ಕಿಲೋ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಒಂದೂವರೆ ಲೀಟರ್ ನೀರನ್ನು ಕುದಿಯಲು ತರುವಷ್ಟು. ಒಂದಷ್ಟನ್ನು ಗಾಳಿ ತಿನ್ನುತ್ತದೆ. ಆದರೆ 14 ತಿರುವುಗಳ ದಾರಿಯಲ್ಲಿ ವೇಗ ಬಿಡುವಂತಿಲ್ಲ, ಹಾಗಾಗಿ ಹೆಚ್ಚಿನದು ಬ್ರೇಕಿಗೇ ಹೋಗುತ್ತದೆ. ರಿಮ್ ಹಿಡಿಯುವ ಬ್ರೇಕಾದರೆ ಒದ್ದೆ ಮಣ್ಣಿನ ಕಣಗಳು ರಬ್ಬರಿಗೆ ಅಂಟಿ ರಿಮ್ಮನ್ನೇ ಅರೆಯುತ್ತವೆ. ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಿ. ಕೇಬಲ್ಲಿನದೋ ಎಣ್ಣೆಯದೋ ಎಂಬ ಚರ್ಚೆಯಲ್ಲಿ ಎರಡೂ ಕಡೆ ನ್ಯಾಯವಿದೆ. ಎಣ್ಣೆಯದರಲ್ಲಿ ಬೆರಳಿಗೆ ಆಯಾಸ ಕಡಿಮೆ. ಕೇಬಲ್ ತುಂಡಾದರೆ ಬ್ಯಾಗಿನಲ್ಲಿಟ್ಟ ಇನ್ನೊಂದನ್ನು ದಾರಿಬದಿಯಲ್ಲೇ ಹಾಕಿಕೊಳ್ಳಬಹುದು. ದೂರ ಹೋಗುವವರಿಗೆ ನನ್ನ ಮತ ಕೇಬಲ್ ಡಿಸ್ಕಿಗೆ. ಇಲ್ಲಿ ಒಂದು ಸಣ್ಣ ಅಕ್ಷರವನ್ನು ಓದಿ. ಅಗ್ಗದ ಡಿಸ್ಕುಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೆತ್ತಿರುತ್ತದೆ. ರೆಸಿನ್ ಪ್ಯಾಡು ಒದ್ದೆ ಮಣ್ಣಿನಲ್ಲಿ ಬೇಗ ಸವೆಯುತ್ತದೆ. ಹೆಚ್ಚು ಬಾಳುವ ಲೋಹದ ಪ್ಯಾಡನ್ನು ಆ ಡಿಸ್ಕಿಗೆ ಹಾಕುವಂತಿಲ್ಲ. ಡಿಸ್ಕನ್ನೇ ಬದಲಿಸಿಕೊಡಿ ಎಂದು ಕೊಳ್ಳುವಾಗಲೇ ಕೇಳಿ.

ಫ್ರೇಮ್ ಕಬ್ಬಿಣದ್ದೋ ಅಲ್ಯೂಮಿನಿಯಮ್ಮಿನದೋ ಎಂಬುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಕಬ್ಬಿಣವಾದರೆ ಯಾವ ಹಳ್ಳಿಯಲ್ಲೂ ವೆಲ್ಡ್ ಮಾಡಿಸಬಹುದು ಎನ್ನುತ್ತಾರೆ. ಆದರೆ ಕ್ರೋಮೋಲಿ ಎಂಬ ಒಳ್ಳೆಯ ಉಕ್ಕಿನ ಕೊಳವೆಯ ಗೋಡೆ ಒಂದು ಮಿಲಿಮೀಟರಿಗಿಂತ ತೆಳು, ಗೇಟು ಬೆಸೆಯುವ ಯಂತ್ರ ಅದನ್ನು ತೂತು ಮಾಡುವ ಸಾಧ್ಯತೆಯೇ ಹೆಚ್ಚು. ನೋಡಬೇಕಾದದ್ದು ಕ್ಯಾರಿಯರ್ ಕೂರಿಸುವ ತೂತುಗಳು ಫ್ರೇಮಿನಲ್ಲಿ, ಸಾಧ್ಯವಾದರೆ ಫೋರ್ಕಿನಲ್ಲೂ ಇವೆಯೇ ಎಂದು. ಆಮೇಲೆ ಹಿಂದಿನ ಚಕ್ರ ಪೆಡಲಿನಿಂದ ಎಷ್ಟು ದೂರವಿದೆ ಎಂದು. ಪೆಡಲಿನ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಕಂಬಿ 440 ಮಿಲಿಮೀಟರಿಗಿಂತ ಗಿಡ್ಡವಾದರೆ ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ. ಮುಂದೆ ಸ್ಪ್ರಿಂಗ್ ಫೋರ್ಕ್ ಬೇಡ. ಅಗ್ಗದ ಸ್ಪ್ರಿಂಗ್ ಫೋರ್ಕ್ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಏರಿನಲ್ಲಿ ನಿಮ್ಮ ಬಲವನ್ನು ಮೇಲೆ ಕೆಳಗೆ ಆಡಿ ಕಳೆಯುತ್ತದೆ, ಮಳೆಗಾಲ ದಾಟುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ಅಷ್ಟೇನೂ ಒರಟಲ್ಲದ ಮಣ್ಣುದಾರಿಗೆ ಅಗಲದ ಟೈರೇ ಸಾಕು.

ಹಿಂದಿನ ಚಕ್ರಕ್ಕೆ 32, ಸಾಧ್ಯವಾದರೆ 36 ಕಡ್ಡಿ ಇರಲಿ. ಭಾರ ಹೊರುವುದು ಅದೇ. ಹಬ್ಬಿನ ಒಳಗೂ ಒಂದು ವ್ಯತ್ಯಾಸವಿದೆ. ಕಡಿಮೆ ಬೆಲೆಯ ಏಳು ಗೇರಿನ ಸೈಕಲ್ಲುಗಳಲ್ಲಿ ಹಲ್ಲಿನ ಚಕ್ರಗಳ ಗೊಂಚಲನ್ನು ಫ್ರೀವೀಲಾಗಿ ಹಬ್ಬಿಗೆ ತಿರುಗಿಸಿ ಕೂರಿಸಿರುತ್ತಾರೆ. ಅದರಲ್ಲಿ ಬೇರಿಂಗ್ ಆಕ್ಸಲ್ ತುದಿಯಿಂದ ಒಳಗೆ ದೂರದಲ್ಲಿರುವುದರಿಂದ, ಭಾರ ಹೊತ್ತು ಗುಂಡಿಗೆ ಬಿದ್ದಾಗ ಆಕ್ಸಲ್ ಬಾಗುತ್ತದೆ, ತುಂಡಾಗುವುದೂ ಉಂಟು. ಗೊಂಚಲನ್ನು ಕ್ಯಾಸೆಟ್ಟಾಗಿ ಕೂರಿಸಿದ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಹತ್ತಿರ, ಈ ತೊಂದರೆ ಕಡಿಮೆ. ‘ಇದು ಫ್ರೀವೀಲೋ ಕ್ಯಾಸೆಟ್ಟೋ’ ಎಂಬ ಒಂದೇ ಪ್ರಶ್ನೆ ಸಾಕು. ಉತ್ತರ ಗೊತ್ತಿರುವ ಅಂಗಡಿಯವರು ಬೇರೆ ವಿಷಯದಲ್ಲೂ ನಿಮಗೆ ದಾರಿ ತೋರಿಸುತ್ತಾರೆ.

ಹ್ಯಾಂಡಲ್ ಬಾಗಿದ್ದಿರಲಿ ನೇರವಿರಲಿ, ಅದು ನಿಮ್ಮ ಕೈಯ ಇಷ್ಟ. ಬಾಗಿದ ಹ್ಯಾಂಡಲೇ ಬೇಕೆನ್ನುವವರು, ಹಗುರ ಗೇರು ಸಿಗುತ್ತಿಲ್ಲವೆಂದು ಪರದಾಡುವವರು, ಇದನ್ನು ನೆನಪಿಡಿ: ಶಿಮಾನೊ ಕಂಪನಿಯ 9 ಗೇರಿನ ಕಾಲದ ರೋಡ್ ಲಿವರುಗಳು ಅದೇ ಕಾಲದ ಮೌಂಟನ್ ಬೈಕಿನ ಹಿಂದಿನ ಡಿರೇಲರನ್ನು ಸರಿಯಾಗಿ ಎಳೆಯುತ್ತವೆ. 10 ಗೇರಿಗೆ ಬಂದಾಗ ಎರಡರ ಕೇಬಲ್ ಎಳೆತ ಒಂದಕ್ಕಿಂತ ಒಂದು ಬೇರೆಯಾಯಿತು. ಹಾಗಾಗಿ 9ರಲ್ಲಿ ನಿಂತವರಿಗೆ 11ರಿಂದ 36 ಹಲ್ಲಿನ ಕ್ಯಾಸೆಟ್ ಸುಲಭವಾಗಿ ಒಗ್ಗುತ್ತದೆ. ಮುಂದೆ 26 ಹಲ್ಲು ಇಟ್ಟುಕೊಂಡರೆ 0.72 ಬಂತು. ಚೈನೂ ಅಗ್ಗ, ಜಿಲ್ಲಾ ಕೇಂದ್ರಗಳ ಅಂಗಡಿಯಲ್ಲೂ ಹುಡುಕಿದರೆ ಸಿಗುತ್ತದೆ. ಹೊಸದೇ ಒಳ್ಳೆಯದು ಎಂದು ಹನ್ನೆರಡು ಗೇರಿಗೆ ಓಡುವ ಮುನ್ನ, ಕೆಟ್ಟರೆ ಶಿವಮೊಗ್ಗದಲ್ಲಿ ಬಿಡಿಭಾಗ ಸಿಕ್ಕೀತೇ ಎಂದು ಯೋಚಿಸಿ.

ಗಿಡ್ಡವಿರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಂಗಡಿಗಳಲ್ಲಿ ನಿಮಗೆ ಆಗುವಷ್ಟು ಅನ್ಯಾಯ ಬೇರೆಯವರಿಗೆ ಆಗುವುದಿಲ್ಲ. ಸೀಟು ಇಳಿಸಿದರೆ ಆಯಿತು ಎನ್ನುತ್ತಾರೆ. ಆಗುವುದಿಲ್ಲ. ಐದು ಅಡಿ ಎರಡು ಇಂಚಿನವರಿಗೆ ಮಾಡಿದ ಚಿಕ್ಕ ಫ್ರೇಮಿಗೆ 700ಸಿ ಚಕ್ರ ತುರುಕಿದಾಗ ಮುಂದಿನ ಟೈರು ಪಾದದ ತುದಿಗೆ ತಾಗುತ್ತದೆ. ಸಮತಟ್ಟಿನಲ್ಲಿ ಇದು ಗೊತ್ತಾಗದು. ಗಂಟೆಗೆ ಐದು ಕಿಲೋಮೀಟರಿನಲ್ಲಿ ಹ್ಯಾಂಡಲ್ ಪೂರಾ ತಿರುಗಿಸಿ ಘಾಟಿಯ ತಿರುವು ಹತ್ತುವಾಗ ತಾಗಿ ಬೀಳಿಸುತ್ತದೆ. ನಿಮಗೆ 650ಬಿ, ಅಂದರೆ 27.5 ಇಂಚಿನ ಚಕ್ರವೋ 26 ಇಂಚಿನದೋ ಸರಿ. ಅಗಲದ ಟೈರು ಹಾಕಿದರೆ ವೇಗದಲ್ಲಿ ಹೇಳಿಕೊಳ್ಳುವ ನಷ್ಟವಿಲ್ಲ, ಚಕ್ರ ಚಿಕ್ಕದಾದಷ್ಟೂ ಗೇರು ತಾನಾಗಿಯೇ ಇನ್ನಷ್ಟು ಹಗುರವಾಗುತ್ತದೆ. ಪೆಡಲ್ ಕಟ್ಟಿದ ತೋಳಿನ ಉದ್ದವನ್ನೂ ಕೇಳಿ. ಎಲ್ಲರಿಗೂ 170, 175 ಮಿಲಿಮೀಟರಿನದನ್ನೇ ಹಾಕಿ ಕೊಡುತ್ತಾರೆ. ನಿಮ್ಮ ಮೊಣಕಾಲಿಗೆ 160 ಅಥವಾ 165 ಹಿತ. ಇವು ಸಿಗುವುದಿಲ್ಲ ಎಂದರೆ ತರಿಸಿಕೊಡಿ ಎನ್ನಿ. ಕೇಳುವವರು ಹೆಚ್ಚಾದರೆ ಅಂಗಡಿಗೂ ಬರುತ್ತವೆ.

ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳು ಇದನ್ನೆಲ್ಲ ಓದಿ ಬೇಸರಪಡಬಾರದು. ಘಾಟಿಗೆ ಹೇಳಿಮಾಡಿಸಿದ ಸೈಕಲ್ಲೊಂದು ಎಷ್ಟೋ ಮನೆಗಳ ಸ್ಟೋರ್ ರೂಮಿನಲ್ಲಿ ಧೂಳು ಹಿಡಿದಿದೆ: ಸ್ಪ್ರಿಂಗ್ ಇಲ್ಲದ, 26 ಇಂಚಿನ, ಮುಂದೆ ಮೂರು ಚಕ್ರಗಳ ಹಳೆಯ ಮೌಂಟನ್ ಬೈಕ್. ಮುಂದಿನ ಚಿಕ್ಕ ಚಕ್ರಕ್ಕೆ 22 ಅಥವಾ 24 ಹಲ್ಲಿದ್ದು ಫ್ರೇಮಿನಲ್ಲಿ ಬಿರುಕಿಲ್ಲದಿದ್ದರೆ ಕೊಂಡುಬಿಡಿ. ಚೈನು, ಕೇಬಲ್ಲು, ಬ್ರೇಕ್ ರಬ್ಬರು ಹೊಸದು ಹಾಕಿಸಿ, ಬೇರಿಂಗಿಗೆ ಗ್ರೀಸ್ ತುಂಬಿಸಿ, ಎರಡು ಇಂಚಿನ ನಯವಾದ ಟೈರು ಏರಿಸಿ. ಮೇಲೆ ರಿಮ್ ಬ್ರೇಕ್ ಬೇಡ ಎಂದೆ. ಈ ಹಳೆಯದರಲ್ಲಿ ಅದೇ ಇರುತ್ತದೆ. ಪರವಾಗಿಲ್ಲ. ಮಳೆ ಪೂರ್ತಿ ನಿಂತ ಮೇಲೆ ಹೊರಡಿ, ಇಳಿಯುವಾಗ ನಡುನಡುವೆ ನಿಂತು ರಿಮ್ ಆರಲು ಬಿಡಿ. ಹೊಸದು ಕೊಳ್ಳುವವರಿಗೂ ಒಂದು ಅನುಕೂಲವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಆ ಉಳಿತಾಯ ಕ್ಯಾಸೆಟ್ಟಿಗೋ ಗಟ್ಟಿ ಕ್ಯಾರಿಯರಿಗೋ ಹೋಗಲಿ, ಇನ್ನೂರು ಗ್ರಾಮ್ ತೂಕ ಇಳಿಸುವುದಕ್ಕಲ್ಲ.

ಮಣ್ಣುದಾರಿ ಎಂದೆನಲ್ಲ, ಅದಕ್ಕೊಂದು ಮಿತಿ ಇದೆ. ಆಗುಂಬೆ ಘಾಟಿಯ ಆಚೀಚೆ ಇರುವುದು ಸೋಮೇಶ್ವರ ವನ್ಯಜೀವಿಧಾಮ, ಶೃಂಗೇರಿಯಾಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಡಾಂಬರು ಬಿಟ್ಟು ಒಳಗಿಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಫಿ ತೋಟದ ದಾರಿ ತೋಟದವರ ಮನೆಯಂಗಳವಿದ್ದ ಹಾಗೆ, ಕೇಳಿಯೇ ಹೋಗಿ. ಕೇಳಿದವರನ್ನು ಬೈದು ಕಳಿಸುವ ಊರಲ್ಲ ನಮ್ಮದು. ಲಾರಿಗಳ ಕಾಟದ ಶಿರಾಡಿಯನ್ನು ಸೈಕಲ್ಲಿನವರು ಬಿಟ್ಟುಬಿಡುವುದು ಒಳ್ಳೆಯದು. ಬಿಸಿಲೆ ಕಡೆಯ ದಾರಿ ಕಿರಿದು, ಅಂಗಡಿಗಳಿಲ್ಲ. ಟ್ಯೂಬು, ಕೇಬಲ್ಲು, ನೀರು, ಊಟ ಎಲ್ಲ ಜೊತೆಯಲ್ಲಿರಲಿ.

ಕೊನೆಯದಾಗಿ, ದುಡ್ಡು ಕೊಡುವ ಮೊದಲು ಓಡಿಸಿ ನೋಡುವ ಬಗೆ. ಅಂಗಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಎಲ್ಲ ಸೈಕಲ್ಲೂ ಚೆನ್ನಾಗಿಯೇ ಓಡುತ್ತದೆ. ಐದು ಲೀಟರಿನ ಎರಡು ನೀರಿನ ಕ್ಯಾನು ಕೊಂಡೊಯ್ಯಿರಿ, ಕ್ಯಾರಿಯರಿಗೆ ಬಿಗಿದು ಹತ್ತಿರದ ಫ್ಲೈಓವರಿನ ಏರನ್ನೋ ನೆಲಮಾಳಿಗೆಯ ಪಾರ್ಕಿಂಗ್ ಇಳಿಜಾರನ್ನೋ ಅತಿ ಹಗುರ ಗೇರಿನಲ್ಲಿ, ಸೀಟಿನಿಂದ ಏಳದೆ, ನಡಿಗೆಯ ವೇಗದಲ್ಲಿ ಹತ್ತಿ. ಮೇಲೆ ತಲುಪಿದಾಗ ಒಂದು ಪೂರ್ತಿ ವಾಕ್ಯ ಆಡಲು ಉಸಿರಿದೆಯೇ ನೋಡಿ. ಹಿಮ್ಮಡಿ ಎಲ್ಲಾದರೂ ತಾಗಿತೇ, ಹ್ಯಾಂಡಲ್ ತಿರುಗಿಸಿದಾಗ ಪಾದ ಟೈರಿಗೆ ಸಿಕ್ಕಿತೇ, ಇಳಿಯುವಾಗ ಎರಡೇ ಬೆರಳಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ನಿಂತಿತೇ ಎಂದು ಗಮನಿಸಿ. ಹೀಗೆ ಓಡಿಸಿ ನೋಡಲು ಬಿಡದ ಅಂಗಡಿಯಿಂದ ಹೊರಗೆ ಬನ್ನಿ. ಈಗಾಗಲೇ ಸೈಕಲ್ ಕೊಂಡಾಗಿದೆ, ಭಾಗಿಸಿದರೆ ಒಂದಕ್ಕಿಂತ ಹೆಚ್ಚು ಬರುತ್ತಿದೆ ಎನ್ನುವವರು ಅದನ್ನು ಮಾರಬೇಕಿಲ್ಲ. ಡಿರೇಲರ್ ಎಷ್ಟು ಹಲ್ಲಿನ ಚಕ್ರದವರೆಗೆ ತಡೆದೀತು ಎಂದು ಮೆಕ್ಯಾನಿಕ್ಕಿಗೆ ತೋರಿಸಿ ಕೇಳಿ, ಮೊದಲು ಹಿಂದಿನ ಕ್ಯಾಸೆಟ್ ಬದಲಿಸಿ, ಸಾಲದಿದ್ದರೆ ಆಮೇಲೆ ಮುಂದಿನ ಕ್ರ್ಯಾಂಕಿಗೆ ಕೈ ಹಾಕಿ. ದಸರೆಗೆ ಇನ್ನೂ ಸಮಯವಿದೆ, ಈ ವಾರವೇ ಅಂಗಡಿಗೆ ಕೊಟ್ಟರೆ ಆದೀತು.

ಇತಿ,
ಘಟ್ಟದ ಮೇಲಿನ ನಿಮ್ಮ ಜೊತೆ ಸವಾರ